ಗೇಟಿನಲ್ಲಿ ಆಧಾರ್ ಪ್ರತಿ, ಮುಖದ ಫೋಟೊ: ಅಪಾರ್ಟ್‌ಮೆಂಟ್ ಸಂಘ ಎಷ್ಟು ಕೇಳಬಹುದು?

ಬಿಜೈ ನಿವಾಸಿ

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಬಿಜೈ ಕಡೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ವಾಸವಾಗಿದ್ದೇನೆ, ಅಲ್ಲಿನ ನಿವಾಸಿಗಳ ಸಂಘದ ಸಮಿತಿಯಲ್ಲೂ ಇದ್ದೇನೆ. ಬರುವ ಮಹಾಸಭೆಯಲ್ಲಿ ಒಂದು ಪ್ರಸ್ತಾವ ಮಂಡನೆಯಾಗಲಿದೆ. ಗೇಟಿನಲ್ಲಿರುವ ರಿಜಿಸ್ಟರ್ ಪುಸ್ತಕವನ್ನು ತೆಗೆದು, ಬಂದುಹೋಗುವವರ ಲೆಕ್ಕವನ್ನು ಒಂದು ಮೊಬೈಲ್ ಆ್ಯಪ್‌ಗೆ ಒಪ್ಪಿಸಬೇಕು ಎಂಬುದು ಅದರ ಸಾರಾಂಶ. ಮನೆಕೆಲಸದವರು, ಡ್ರೈವರ್‌ಗಳು, ಹಾಲು ಪೇಪರ್ ಹಾಕುವವರು ಆಧಾರ್ ಕಾರ್ಡಿನ ಪ್ರತಿ ಕೊಟ್ಟು, ಮುಖದ ಫೋಟೊ ತೆಗೆಸಿಕೊಂಡು ನೋಂದಾಯಿಸಿಕೊಳ್ಳಬೇಕು. ಅತಿಥಿಗಳು ಫೋನ್ ನಂಬರ್ ಕೊಟ್ಟು ಒಟಿಪಿ ಹೇಳಬೇಕು. ನೋಂದಾಯಿಸಿಕೊಳ್ಳದ ಕೆಲಸದವರಿಗೆ ಪ್ರವೇಶವಿಲ್ಲ.

ಸಮಿತಿಯಲ್ಲಿ ಹೆಚ್ಚಿನವರಿಗೆ ಇದು ಸರಿ ಕಂಡಿದೆ. ನನಗೆ ಅಳುಕಿದೆ. ಆದರೆ ಆ ಅಳುಕನ್ನು ಸಭೆಯಲ್ಲಿ ವಾದವಾಗಿ ಮಂಡಿಸುವಷ್ಟು ಕಾನೂನು ನನಗೆ ತಿಳಿಯದು. ನಮ್ಮಂತಹ ಸಣ್ಣ ಸಂಘಕ್ಕೆ ಹೊಸ ದತ್ತಾಂಶ ಕಾಯ್ದೆ ಅನ್ವಯವಾಗುತ್ತದೆಯೇ? ಕೆಲಸದವರು ಸಹಿ ಹಾಕಿಕೊಟ್ಟರೆ ಅಷ್ಟರಿಂದ ನಮ್ಮ ಹೊಣೆ ಮುಗಿಯಿತೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಅತ್ತಾವರದ ಮಗ, ಸದ್ಯ ಅಬುಧಾಬಿ

ಇಂತಹ ಆ್ಯಪ್ ನಮ್ಮ ಕಟ್ಟಡದಲ್ಲಿ ಈಗಾಗಲೇ ಇದೆ, ಮತ್ತು ನಾನು ಅದರ ಪರವಾಗಿದ್ದೇನೆ. ತಂದೆಯವರು ತೀರಿಕೊಂಡ ಮೇಲೆ ಅಮ್ಮ ಫ್ಲ್ಯಾಟಿನಲ್ಲಿ ಒಬ್ಬರೇ ಇದ್ದಾರೆ. ಯಾರಾದರೂ ಗೇಟಿಗೆ ಬಂದರೆ ನನ್ನ ಫೋನಿಗೆ ಸೂಚನೆ ಬರುತ್ತದೆ, ಇಲ್ಲಿಂದಲೇ ಅನುಮತಿ ಕೊಡಬಹುದು ಅಥವಾ ನಿರಾಕರಿಸಬಹುದು. ಗಲ್ಫಿನಲ್ಲೋ ಬೆಂಗಳೂರಿನಲ್ಲೋ ಮಕ್ಕಳಿದ್ದು, ಊರಿನಲ್ಲಿ ವಯಸ್ಸಾದವರಷ್ಟೇ ಉಳಿದಿರುವ ಫ್ಲ್ಯಾಟುಗಳು ಮಂಗಳೂರಿನಲ್ಲಿ ಎಷ್ಟಿವೆ ಎಂಬುದು ನಿಮಗೂ ಗೊತ್ತು. ಖಾಸಗಿತನದ ಬಗ್ಗೆ ಮಾತನಾಡುವವರು ಆ ತಾಯಂದಿರ ನೆಮ್ಮದಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅಡಗಿಸುವಂಥದ್ದು ಏನೂ ಇಲ್ಲದವರಿಗೆ ಫೋಟೊ ಕೊಡಲು ಏನು ತೊಂದರೆ?

ಉಡುಪಿಯ ವಕೀಲೆ

ಕಾಯ್ದೆ ಈಗ ಯಾವ ಹಂತದಲ್ಲಿದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಅದರ ನಿಯಮಗಳು ಹೊರಬೀಳಲು 2025ರ ನವೆಂಬರ್‌ವರೆಗೆ ಕಾಯಬೇಕಾಯಿತು. ಒಪ್ಪಿಗೆ, ನೋಟಿಸು, ಭದ್ರತೆ, ಸೋರಿಕೆಯಾದಾಗ ತಿಳಿಸುವುದು ಮುಂತಾದ ಮುಖ್ಯ ಕರ್ತವ್ಯಗಳಿಗೆ ಅಲ್ಲಿಂದ 18 ತಿಂಗಳ ಅವಕಾಶ ಕೊಟ್ಟಿರುವುದರಿಂದ, ಅವು ಜಾರಿಗೆ ಬರುವುದು 2027ರ ಮೇ ತಿಂಗಳಿನಲ್ಲಿ. ‘ಹಾಗಾದರೆ ಈಗೇನು ಅವಸರ’ ಎಂದು ನಿಮ್ಮ ಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಇವತ್ತು ತುಂಬಿಸಿಟ್ಟ ದತ್ತಾಂಶ ಆ ದಿನವೂ ನಿಮ್ಮ ಬಳಿಯೇ ಇರುತ್ತದೆ, ಆಗ ಹೊಣೆಯೂ ನಿಮ್ಮದೇ ಎಂಬುದನ್ನು ಅವರಿಗೆ ನೆನಪಿಸಿ.

ಸಂಘ ಚಿಕ್ಕದೋ ದೊಡ್ಡದೋ ಎಂಬುದು ಇಲ್ಲಿ ಮುಖ್ಯವಲ್ಲ. ಕಾಯ್ದೆಯ ಪ್ರಕಾರ ನೋಂದಣಿಯಾದ ಅಥವಾ ಆಗದ ವ್ಯಕ್ತಿಗಳ ಕೂಟವೂ ‘ವ್ಯಕ್ತಿ’ಯೇ. ಯಾವ ದತ್ತಾಂಶವನ್ನು ಯಾವ ಉದ್ದೇಶಕ್ಕೆ ಸಂಗ್ರಹಿಸಬೇಕು ಎಂದು ನಿರ್ಧರಿಸುವವರು ನೀವಾದ್ದರಿಂದ ಡೇಟಾ ಫಿಡ್ಯೂಷಿಯರಿ, ಅಂದರೆ ದತ್ತಾಂಶದ ಹೊಣೆ ಹೊತ್ತವರು, ನೀವೇ ಆಗುತ್ತೀರಿ. ಆ್ಯಪ್ ಕಂಪನಿಯು ನಿಮ್ಮ ಪರವಾಗಿ ಕೆಲಸ ಮಾಡುವ ಸಂಸ್ಥೆ ಮಾತ್ರ. ಒಪ್ಪಂದದಲ್ಲಿ ಏನೇ ಬರೆದುಕೊಂಡಿದ್ದರೂ, ಆ ಕಂಪನಿಯ ಕೈಯಲ್ಲಿ ಆದ ಅಚಾತುರ್ಯಕ್ಕೆ ಕಾಯ್ದೆ ಉತ್ತರ ಕೇಳುವುದು ನಿಮ್ಮನ್ನು.

ಇನ್ನು ಸಹಿಯ ಮಾತು. ಒಪ್ಪಿಗೆಯು ಸ್ವತಂತ್ರವಾಗಿರಬೇಕು, ನಿರ್ದಿಷ್ಟವಾಗಿರಬೇಕು, ವಿಷಯ ತಿಳಿದು ಕೊಟ್ಟದ್ದಾಗಿರಬೇಕು, ಷರತ್ತಿಲ್ಲದ್ದಾಗಿರಬೇಕು ಎಂದು 6ನೇ ಸೆಕ್ಷನ್ ಹೇಳುತ್ತದೆ. ಅದೇ ಸೆಕ್ಷನ್ನಿನಲ್ಲಿ ಒಂದು ಉದಾಹರಣೆಯೂ ಇದೆ. ವೈದ್ಯರೊಡನೆ ಫೋನಿನಲ್ಲೇ ಸಮಾಲೋಚಿಸುವ ಆ್ಯಪ್ ಒಂದು ಫೋನಿನಲ್ಲಿರುವ ಎಲ್ಲ ನಂಬರುಗಳನ್ನೂ ಕೇಳುತ್ತದೆ, ಬಳಕೆದಾರರು ಎರಡಕ್ಕೂ ಒಪ್ಪುತ್ತಾರೆ. ಚಿಕಿತ್ಸೆಗೆ ನಂಬರುಗಳ ಪಟ್ಟಿ ಅಗತ್ಯವಿಲ್ಲವಾದ್ದರಿಂದ, ‘ಒಪ್ಪಿದ್ದೇನೆ’ ಎಂದು ಒತ್ತಿದ್ದರೂ ಆ ಪಟ್ಟಿಗೆ ಒಪ್ಪಿಗೆ ಸಿಕ್ಕಂತಾಗುವುದಿಲ್ಲ. ಇದೇ ಅಳತೆಯನ್ನು ನಿಮ್ಮ ಗೇಟಿಗೆ ಹಿಡಿದು ನೋಡಿ. ಬಂದವರು ಯಾರು, ಯಾವ ಫ್ಲ್ಯಾಟಿಗೆ, ಎಷ್ಟು ಗಂಟೆಗೆ ಎಂಬುದು ನಿಮಗೆ ಬೇಕು. ಹನ್ನೆರಡು ಅಂಕಿಗಳ ಆಧಾರ್ ಸಂಖ್ಯೆ ಯಾವುದಕ್ಕೆ ಬೇಕು? ಅದೂ ಅಲ್ಲದೆ, ಒಪ್ಪಿಗೆ ಪಡೆದದ್ದನ್ನು ಸಾಬೀತುಪಡಿಸುವ ಭಾರ ಸಂಘದ ಮೇಲಿರುತ್ತದೆ.

ಆಧಾರ್‌ಗೆ ತನ್ನದೇ ಕಾಯ್ದೆ ಇದೆ. 2019ರ ತಿದ್ದುಪಡಿಯ ನಂತರ, ಆಫ್‌ಲೈನ್ ಪರಿಶೀಲನೆ, ಅಂದರೆ ಆಧಾರ್ ಸರ್ವರನ್ನು ಸಂಪರ್ಕಿಸದೆ ಗುರುತು ಖಚಿತಪಡಿಸಿಕೊಳ್ಳುವ ಕೆಲಸ, ಮಾಡುವವರು ಆಧಾರ್ ಸಂಖ್ಯೆಯನ್ನು ಸಂಗ್ರಹಿಸಿಟ್ಟುಕೊಳ್ಳುವಂತಿಲ್ಲ. ಬೇರೆ ಗುರುತಿನ ದಾಖಲೆ ಕೊಡಬಹುದೆಂಬುದನ್ನೂ ಎದುರಿನವರಿಗೆ ತಿಳಿಸಬೇಕು. ಕಾರ್ಡಿನ ಜೆರಾಕ್ಸ್ ತೆಗೆದು ಫೈಲಿಗೆ ಹಾಕುವ ನಮ್ಮೂರ ವಾಡಿಕೆಗೂ ಈ ನಿಯಮಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ.

ಸುರತ್ಕಲ್ ಓದುಗ

ವಕೀಲರು ಹೇಳಿದ್ದನ್ನು ಓದಿದೆ. ಆದರೆ ಲಾಡ್ಜಿನಲ್ಲಿ ಆಧಾರ್, ಸಿಮ್‌ಗೆ ಆಧಾರ್, ಪಿಜಿಗೆ ಆಧಾರ್ ಎಂದು ಎಲ್ಲರೂ ಕೇಳುತ್ತಿರುವಾಗ ಒಂದು ಫ್ಲ್ಯಾಟಿನ ಸಂಘ ಕೇಳಿದ್ದು ಮಾತ್ರ ಮಹಾಪರಾಧವಾಯಿತೇ? ದೊಡ್ಡ ದೊಡ್ಡ ಕಂಪನಿಗಳಿಗೆ ನಾವು ಎಲ್ಲಿ ಹೋಗುತ್ತೇವೆ, ಏನು ತಿನ್ನುತ್ತೇವೆ ಎಂಬುದನ್ನೆಲ್ಲ ಕೊಟ್ಟು ಕೂತಿದ್ದೇವೆ ಮಾರಾಯ್ರೇ. ಇನ್ನು ಸರ್ಕಾರಕ್ಕಂತೂ ಇದೇ ಕಾಯ್ದೆಯಲ್ಲಿ ಬೇಕಾದಷ್ಟು ವಿನಾಯಿತಿ ಇದೆ ಎಂದು ಕೇಳಿದ್ದೇನೆ. ಕಾನೂನಿನ ಕೋಲು ಯಾವಾಗಲೂ ಸಣ್ಣವರ ಬೆನ್ನಿಗೇ ಏಕೆ?

ಕುಂದಾಪುರದ ನಿವೃತ್ತ ಬ್ಯಾಂಕ್ ಉದ್ಯೋಗಿ

ಸುರತ್ಕಲ್‌ನವರ ಅಸಮಾಧಾನ ನನಗೆ ಅರ್ಥವಾಗುತ್ತದೆ. ಆದರೂ ಆಧಾರ್ ಪ್ರತಿ ಎಲ್ಲೆಂದರಲ್ಲಿ ಬಿದ್ದಿರುವುದರಿಂದ ಏನಾಗುತ್ತದೆ ಎಂಬುದಕ್ಕೆ ಮಂಗಳೂರಿನವರು ದೂರ ಹೋಗಬೇಕಾಗಿಲ್ಲ. 2023ರಲ್ಲಿ, ಆಸ್ತಿ ನೋಂದಣಿಗೆಂದು ಆಧಾರ್ ಪ್ರತಿ, ಬೆರಳಚ್ಚು ಕೊಟ್ಟಿದ್ದ ಅನೇಕರು, ಒಟಿಪಿ ಬಾರದೆ, ಎಟಿಎಂ ಕಾರ್ಡ್ ಕೈಬಿಡದೆ ತಮ್ಮ ಖಾತೆಯಿಂದ ಹಣ ಹೋಗಿದೆ ಎಂದು ಪೊಲೀಸರಿಗೆ ದೂರು ಕೊಟ್ಟಿದ್ದರು. ಪತ್ರಿಕೆಗಳಲ್ಲಿ ಇದು ಸಾಕಷ್ಟು ಬಂದಿತ್ತು. ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಹಣ ತೆಗೆಯಲು ಬೇಕಾಗುವುದು ಮೂರೇ: ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು. ಬ್ಯಾಂಕ್ ಶಾಖೆ ಇಲ್ಲದ ಹಳ್ಳಿಯ ವೃದ್ಧರು ಪಿಂಚಣಿ ಪಡೆಯಲೆಂದು ಮಾಡಿದ ಒಳ್ಳೆಯ ವ್ಯವಸ್ಥೆ ಅದು. ಆದರೆ ಪಾಸ್‌ವರ್ಡ್ ಕದ್ದರೆ ಬದಲಾಯಿಸಬಹುದು, ಬೆರಳನ್ನು ಬದಲಾಯಿಸಲಾಗದು. ಸಂಘದ ಬೀರುವಿನಲ್ಲಿರುವ ಪ್ರತಿಯಲ್ಲಿ ಬೆರಳಚ್ಚು ಇರುವುದಿಲ್ಲ, ನಿಜ. ಆದರೆ ಆ ಮೂರರಲ್ಲಿ ಒಂದನ್ನು ನಾವೇ ಬೆಳ್ಳಿ ತಟ್ಟೆಯಲ್ಲಿಟ್ಟು ಕೊಟ್ಟಂತಾಗುತ್ತದೆ. ಈ ಪುಟ ಓದುತ್ತಿರುವವರು ಮೊದಲು ತಮ್ಮ ಮನೆಯ ಹಿರಿಯರ ಆಧಾರ್ ಬಯೋಮೆಟ್ರಿಕ್ ಅನ್ನು ಎಂಆಧಾರ್ ಆ್ಯಪ್‌ನಲ್ಲಿ ಲಾಕ್ ಮಾಡಿಸಿ, ಆಮೇಲೆ ಚರ್ಚೆ ಮುಂದುವರಿಸಿ. ಹಣ ಹೋಗಿದ್ದು ಗೊತ್ತಾದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಬ್ಯಾಂಕಿಗೂ ಬರೆದು ತಿಳಿಸಿ. ಬ್ಯಾಂಕಿನದೂ ಗ್ರಾಹಕರದೂ ತಪ್ಪಿಲ್ಲದ ವಂಚನೆಯನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಮೇಲೆ ನಷ್ಟದ ಹೊರೆ ಬೀಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2017ರ ಸುತ್ತೋಲೆಯಲ್ಲೇ ಹೇಳಿದೆ.

ಇನ್ನೊಂದು ಮಾತನ್ನು ಹಳೆಯ ಬ್ಯಾಂಕಿನವನಾಗಿ ಹೇಳುತ್ತೇನೆ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಏಜೆಂಟರು ದಿನವೂ ಮನೆಬಾಗಿಲಿಗೆ ಹೋಗಿ ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಕಟ್ಟಿಸಿಕೊಳ್ಳುತ್ತಿದ್ದರು. ಯಾವ ಮನೆಯಲ್ಲಿ ಈ ತಿಂಗಳು ಕೈ ಬಿಗಿಯಾಗಿದೆ, ಯಾವ ಹೆಂಗಸು ಗಂಡನಿಗೆ ತಿಳಿಯದಂತೆ ಕೂಡಿಡುತ್ತಿದ್ದಾಳೆ ಎಂಬುದು ಪಿಗ್ಮಿ ಏಜೆಂಟರಿಗೆ ತಿಳಿದಿರುತ್ತಿತ್ತು. ಆ ಮಾತು ಪಕ್ಕದ ಮನೆಗೆ ಹೋದರೆ ಮರುದಿನ ಇಡೀ ಬೀದಿಯವರು ಕಟ್ಟುವುದನ್ನು ನಿಲ್ಲಿಸುತ್ತಿದ್ದರು. ಆ್ಯಪ್ ಕಂಪನಿಗೆ ಅಂತಹ ಭಯ ಎಲ್ಲಿದೆ? ಅದರ ಗ್ರಾಹಕರು ಫ್ಲ್ಯಾಟಿನ ಮಾಲೀಕರು. ಫೋಟೊ ಕೊಡುವವರು ಬೇರೆಯವರು.

ಮಣಿಪಾಲದ ಡೆವಲಪರ್

ತಾಂತ್ರಿಕ ಭಾಗವನ್ನು ನಾನು ಸೇರಿಸುತ್ತೇನೆ. ಇಂತಹ ಆ್ಯಪ್‌ಗಳ ಸರ್ವರ್ ಭದ್ರತೆಯ ಬಗ್ಗೆ ಮಾರಾಟಗಾರರು ಗಂಟೆಗಟ್ಟಲೆ ಮಾತನಾಡುತ್ತಾರೆ. ಎನ್‌ಕ್ರಿಪ್ಷನ್ ಇದೆ, ಪ್ರಮಾಣಪತ್ರವಿದೆ ಎನ್ನುತ್ತಾರೆ. ಅದು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ನಾನು ಬಾಡಿಗೆಗಿದ್ದ ಒಂದು ಕಟ್ಟಡದ ಗೇಟಿನಲ್ಲಿ ನೋಡಿದ್ದು ಬೇರೆ. ಸಂಘ ಕೊಟ್ಟ ಫೋನಿನ ಚಾರ್ಜ್ ನಿಲ್ಲುತ್ತಿರಲಿಲ್ಲವಾದ್ದರಿಂದ ವಾಚ್‌ಮ್ಯಾನ್ ತಮ್ಮ ಸ್ವಂತ ಫೋನಿನಲ್ಲಿ ಆಧಾರ್ ಕಾರ್ಡಿನ ಫೋಟೊ ತೆಗೆದು, ಬಿಡುವಾದಾಗ ಆ್ಯಪ್‌ಗೆ ಏರಿಸುತ್ತಿದ್ದರು. ಗ್ಯಾಲರಿ ತೆರೆದರೆ ಮಗಳ ಹುಟ್ಟುಹಬ್ಬ, ಊರಿನ ಜಾತ್ರೆ, ಅವುಗಳ ನಡುವೆ ಸಾಲು ಸಾಲು ಗುರುತಿನ ಚೀಟಿ. ಫೋನಿನಲ್ಲಿ ಬ್ಯಾಕಪ್ ತಾನಾಗಿ ಚಾಲೂ ಇದ್ದುದರಿಂದ ಅವೆಲ್ಲ ಅವರ ಸ್ವಂತ ಜಿಮೇಲ್ ಖಾತೆಗೂ ಹೋಗಿರುತ್ತವೆ. ಅವರು ಕೆಲಸ ಬಿಟ್ಟು ಹೋದಾಗ ಫೋನೂ ಅವರೊಂದಿಗೆ ಹೋಗುತ್ತದೆ. ಇದರಲ್ಲಿ ಅವರ ತಪ್ಪು ಎಳ್ಳಷ್ಟೂ ಇಲ್ಲ. ಕೆಟ್ಟ ಫೋನು ಕೊಟ್ಟು, ಕೆಲಸ ಮಾತ್ರ ಆಗಲೇಬೇಕು ಎಂದವರ ತಪ್ಪು ಅದು.

ಆದುದರಿಂದ ಬಿಜೈಯವರು ಕಂಪನಿಯ ಪ್ರತಿನಿಧಿಯನ್ನು ಕೂರಿಸಿಕೊಂಡು, ಫೋಟೊ ಮತ್ತು ನಂಬರು ಎಷ್ಟು ದಿನಕ್ಕೆ ತಾನಾಗಿ ಅಳಿಯುತ್ತದೆ, ಆ ಅವಧಿಯನ್ನು ಸಂಘವೇ ನಿಗದಿಪಡಿಸಬಹುದೇ, ಬ್ಯಾಕಪ್‌ನಿಂದಲೂ ಅಳಿಯುತ್ತದೆಯೇ ಎಂದು ಕೇಳಬೇಕು. ಸಮಿತಿಯ ಸದಸ್ಯರಲ್ಲಿ ಯಾರು ಯಾರು ಇಡೀ ಪಟ್ಟಿಯನ್ನು ಡೌನ್‌ಲೋಡ್ ಮಾಡಿಕೊಳ್ಳಬಹುದು ಎಂದೂ ಕೇಳಬೇಕು. ಇದಕ್ಕೆ ಸಾಮಾನ್ಯವಾಗಿ ಬರುವ ಉತ್ತರ ‘ಅಡ್ಮಿನ್ ಆದವರೆಲ್ಲ’ ಎಂದು. ನಮ್ಮ ಕಟ್ಟಡಗಳಲ್ಲಿ ಅಡ್ಮಿನ್ ಆಗದವರು ಯಾರಿದ್ದಾರೆ! ಒಂದು ಫ್ಲ್ಯಾಟಿಗೆ ರಾತ್ರಿ ಯಾರು ಬಂದರು, ಎಷ್ಟು ಹೊತ್ತಿಗೆ ಹೋದರು ಎಂಬ ಸ್ಕ್ರೀನ್‌ಶಾಟ್ ವಾಟ್ಸ್‌ಆ್ಯಪ್ ಗುಂಪಿಗೆ ಬಿದ್ದರೆ ನಮ್ಮ ಜಿಲ್ಲೆಗಳಲ್ಲಿ ಏನೇನಾಗಬಹುದೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬಳೇ ಇರುವ ಹುಡುಗಿ, ಬೇರೆ ಧರ್ಮದ ಗೆಳೆಯರಿರುವ ವಿದ್ಯಾರ್ಥಿ, ಇವರಿಗೆ ಗೇಟಿನ ದಾಖಲೆ ಕೇವಲ ದಾಖಲೆಯಾಗಿ ಉಳಿಯುವುದಿಲ್ಲ. ಅಡಗಿಸುವಂಥದ್ದು ಇಲ್ಲದವರಿಗೆ ಏನು ತೊಂದರೆ ಎಂಬ ಪ್ರಶ್ನೆಗೆ ನನ್ನ ಉತ್ತರ ಇದು.

ಕುಲಶೇಖರದ ವಿದ್ಯಾರ್ಥಿನಿ

ಎಲ್ಲರ ಅಭಿಪ್ರಾಯಗಳನ್ನೂ ಓದಿದೆ. ನನ್ನ ಅಮ್ಮ ಮೂರು ಫ್ಲ್ಯಾಟುಗಳಲ್ಲಿ ಮನೆಕೆಲಸ ಮಾಡುತ್ತಾರೆ, ನಾನು ಬಿ.ಕಾಂ. ಓದುತ್ತಿದ್ದೇನೆ. ಇಲ್ಲಿಯವರೆಗೆ ಚರ್ಚೆಯಾದದ್ದು ಹೆಚ್ಚಾಗಿ ಆಧಾರ್ ಕಳವಿನ ಬಗ್ಗೆ. ಅಮ್ಮನಿಗೆ ದಿನನಿತ್ಯ ತೊಂದರೆಯಾಗುತ್ತಿರುವುದು ಅದೇ ಆ್ಯಪ್‌ನ ಇನ್ನೊಂದು ಭಾಗದಿಂದ.

ಅವರು ಕೆಲಸಕ್ಕೆ ಹೋಗುವ ಒಂದು ಕಟ್ಟಡದ ಆ್ಯಪ್‌ನಲ್ಲಿ ಕೆಲಸದವರಿಗೆಲ್ಲ ಒಂದೊಂದು ಪುಟವಿದೆ. ಫೋಟೊ, ಫೋನ್ ನಂಬರ್, ಒಳಗೆ ಬಂದ ಸಮಯ, ಹೊರಗೆ ಹೋದ ಸಮಯ, ಯಾವ ಯಾವ ಫ್ಲ್ಯಾಟಿನಲ್ಲಿ ಕೆಲಸ, ಜೊತೆಗೆ ಐದರಲ್ಲಿ ಎಷ್ಟು ನಕ್ಷತ್ರ ಎಂಬುದು ಆ ಪುಟದಲ್ಲಿರುತ್ತದೆ. ಕಟ್ಟಡದ ಎಲ್ಲ ಮನೆಯವರೂ ಅದನ್ನು ನೋಡಬಹುದು. ಅಮ್ಮ ಮಾತ್ರ ನೋಡಲಾಗದು, ಏಕೆಂದರೆ ಅವರಿಗೆ ಲಾಗಿನ್ ಇಲ್ಲ. ಒಮ್ಮೆ ಮಳೆಗೆ ಬಸ್ಸು ತಡವಾಗಿ ಹೋದಾಗ ಯಾರೋ ಎರಡು ನಕ್ಷತ್ರ ಕೊಟ್ಟರು. ಹೊಸ ಮನೆಯೊಂದರಲ್ಲಿ ಕೆಲಸ ಕೇಳಿದಾಗ ಆ ಮನೆಯವರು ಅದನ್ನು ತೋರಿಸಿ ಸಂಬಳ ಕಡಿಮೆ ಹೇಳಿದರು. ಆಗಲೇ ನಮಗೆ ಇಂತಹ ಪುಟವೊಂದು ಇದೆ ಎಂದು ತಿಳಿದದ್ದು. ಆ ಮನೆಯವರಿಗೆ ಎಷ್ಟು ನಕ್ಷತ್ರ ಕೊಡಬೇಕೆಂದು ಅಮ್ಮನನ್ನು ಯಾರೂ ಕೇಳಲಿಲ್ಲ.

ಅಮ್ಮ ಸಹಿ ಹಾಕಿದ್ದು ನಿಜ. ನಮ್ಮ ಮನೆಮಾತು ತುಳು. ಅವರು ಕನ್ನಡ ಶಾಲೆಯಲ್ಲಿ ಐದನೆಯವರೆಗೆ ಓದಿದವರು, ನಿಧಾನವಾಗಿ ಓದಬಲ್ಲರು. ಅವರ ಮುಂದಿಟ್ಟ ಫಾರಂ ಇಂಗ್ಲಿಷಿನಲ್ಲಿತ್ತು. ಸಹಿ ಹಾಕದಿದ್ದರೆ ನಾಳೆಯಿಂದ ಬಿಡುವುದಿಲ್ಲ ಎಂದು ವಾಚ್‌ಮ್ಯಾನ್ ಹೇಳಿದರು. ಇದು ವಕೀಲರು ಹೇಳಿದ ಒಪ್ಪಿಗೆಯಾಗುತ್ತದೆಯೇ?

ಉಡುಪಿಯ ವಕೀಲೆ

ತಂಗಿ, ನೀನು ಬರೆದದ್ದು ಈ ಇಡೀ ಚರ್ಚೆಯ ಕೇಂದ್ರ. ಆ ಸಹಿಯನ್ನು ಒಪ್ಪಿಗೆ ಎಂದು ಒಪ್ಪಿಸುವುದು ನನ್ನಿಂದಂತೂ ಆಗದು. ಅನ್ನದ ದಾರಿಯನ್ನು ತಡೆಹಿಡಿದು ಪಡೆದದ್ದು ‘ಷರತ್ತಿಲ್ಲದ್ದು’ ಹೇಗಾದೀತು? ಇನ್ನು ಭಾಷೆ. ಒಪ್ಪಿಗೆ ಕೇಳುವಾಗ ಅದನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದಾದರೊಂದರಲ್ಲಿ ಓದುವ ಆಯ್ಕೆಯನ್ನು ಕೊಡಲೇಬೇಕು. ಆ ಪಟ್ಟಿಯಲ್ಲಿ ಕನ್ನಡವಿದೆ, ಕೊಂಕಣಿಯಿದೆ. ತುಳು ಇಲ್ಲ, ಬ್ಯಾರಿಯೂ ಇಲ್ಲ. ಕರಾವಳಿಯಲ್ಲಿ ಬಹಳಷ್ಟು ಜನ ದಿನವಿಡೀ ಆಡುವ ಮಾತಿನಲ್ಲಿ ಕೇಳಿಸಿಕೊಳ್ಳುವ ಹಕ್ಕು ಈ ಕಾಯ್ದೆಯಿಂದ ಸಿಗುವುದಿಲ್ಲ. ಆದರೆ ಸಂಘವೊಂದು ತಾನಾಗಿ ತುಳುವಿನಲ್ಲಿ ಓದಿ ಹೇಳಿದರೆ ಬೇಡವೆನ್ನುವವರೂ ಇಲ್ಲ.

ನಕ್ಷತ್ರದ ವಿಷಯದಲ್ಲಿ ಕಾಯ್ದೆ ನಿನ್ನ ಅಮ್ಮನ ಪರವಾಗಿದೆ. ತಮ್ಮ ಬಗ್ಗೆ ಏನಿದೆ ಎಂದು ಕೇಳುವ, ತಿದ್ದಿಸುವ, ಅಳಿಸುವಂತೆ ಹೇಳುವ ಹಕ್ಕುಗಳಿವೆ. ಒಬ್ಬರ ಬಗ್ಗೆ ನಿರ್ಧಾರ ಕೈಗೊಳ್ಳಲು ಬಳಸುವ ದತ್ತಾಂಶ ಪೂರ್ಣವೂ ಸರಿಯೂ ಆಗಿರಬೇಕೆಂಬ ಕರ್ತವ್ಯವೂ ಇದೆ. ಕೊರತೆ ಇರುವುದು ಬೇರೆ ಕಡೆ. ಭದ್ರತೆಯಲ್ಲಿ ಲೋಪವಾದರೆ 250 ಕೋಟಿ ರೂಪಾಯಿಯವರೆಗೆ ದಂಡ ಹಾಕಬಹುದು, ಆದರೆ ಆ ಹಣ ಭಾರತದ ಸಂಚಿತ ನಿಧಿಗೆ, ಅಂದರೆ ಸರ್ಕಾರದ ಖಜಾನೆಗೆ, ಹೋಗುತ್ತದೆ. ನಷ್ಟಕ್ಕೊಳಗಾದವರಿಗೆ ಪರಿಹಾರ ಕೊಡಿಸುವ ವ್ಯವಸ್ಥೆ ಈ ಕಾಯ್ದೆಯಲ್ಲಿಲ್ಲ. ಹಳೆಯ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ ಕಂಪನಿಗಳಿಂದ ಪರಿಹಾರ ಕೇಳಲು ಇದ್ದ 43ಎ ಸೆಕ್ಷನ್ನನ್ನೂ ಇದೇ ಕಾಯ್ದೆ ಕೈಬಿಡುತ್ತದೆ. ಇದನ್ನು ನಾನು ಸಣ್ಣ ಲೋಪವೆಂದು ಭಾವಿಸುವುದಿಲ್ಲ.

ಸುರತ್ಕಲ್‌ನವರಿಗೂ ಉತ್ತರ ಬಾಕಿ ಇದೆ. ಸರ್ಕಾರಕ್ಕೆ ಕೊಟ್ಟಿರುವ ವಿನಾಯಿತಿ ಅತಿಯಾಯಿತು ಎಂಬ ಮಾತನ್ನು ನಾನೂ ಒಪ್ಪುತ್ತೇನೆ. 17ನೇ ಸೆಕ್ಷನ್ನಿನಡಿ ಕೇಂದ್ರವು ಅಧಿಸೂಚನೆ ಹೊರಡಿಸಿ ತನ್ನ ಸಂಸ್ಥೆಗಳನ್ನು ಕಾಯ್ದೆಯ ಹೊರಗೇ ಇಡಬಹುದು. ಆದರೆ ಖಾಸಗಿತನ ಮೂಲಭೂತ ಹಕ್ಕು ಎಂಬ ತೀರ್ಪು ಬಂದದ್ದೇ ಸರ್ಕಾರದ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಅನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಅವಿರೋಧವಾಗಿ ತೀರ್ಪು ಕೊಟ್ಟಿತು. ಮರುವರ್ಷ ಐವರ ಪೀಠ ಆಧಾರ್ ಯೋಜನೆಯನ್ನು ಬಹುಮತದಿಂದ ಎತ್ತಿಹಿಡಿದರೂ, ಸಿಮ್‌ಗೆ ಮತ್ತು ಬ್ಯಾಂಕ್ ಖಾತೆಗೆ ಆಧಾರ್ ಕಡ್ಡಾಯವೆಂಬುದನ್ನು ತಳ್ಳಿಹಾಕಿತು. ‘ಎಲ್ಲರೂ ಕೇಳುತ್ತಾರೆ’ ಎಂದಿರಲ್ಲ, ಕೇಳುತ್ತಾರೆ ನಿಜ, ಕೇಳುವ ಅಧಿಕಾರವಿದೆಯೇ ಎಂದು ನಾವು ಮರುಪ್ರಶ್ನೆ ಹಾಕುವುದಿಲ್ಲ. 2023ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ, ಬಿಲ್ ಮಾಡಲು ಗ್ರಾಹಕರ ಮೊಬೈಲ್ ನಂಬರ್ ಬೇಕೇ ಬೇಕೆಂದು ಅಂಗಡಿಯವರು ಒತ್ತಾಯಿಸಬಾರದು ಎಂದು ಹೇಳಿತು. ಅಂಗಡಿಯಲ್ಲಿ ನಂಬರ್ ಕೇಳಿದಾಗ ನಮ್ಮಲ್ಲಿ ಎಷ್ಟು ಜನ ‘ಯಾಕೆ’ ಎನ್ನುತ್ತೇವೆ?

ಅತ್ತಾವರದ ಮಗ, ಸದ್ಯ ಅಬುಧಾಬಿ

ನಮ್ಮ ಆ್ಯಪ್‌ನಲ್ಲೂ ನಕ್ಷತ್ರದ ಪುಟವಿದೆ. ಅಮ್ಮನ ಮನೆಗೆ ಬರುವ ಅಕ್ಕನ ಹೆಸರು ಹುಡುಕಿದೆ, ಅವರು ಕೆಲಸ ಮಾಡುವ ಇತರ ಫ್ಲ್ಯಾಟುಗಳ ಸಂಖ್ಯೆಯೂ ಕಾಣಿಸಿತು. ಅದು ನನಗೆ ತಿಳಿಯಬೇಕಾದ ವಿಷಯವಲ್ಲ. ಆದರೂ ಗೇಟಿನ ಸೂಚನೆ ನನಗೆ ಬೇಕೇ ಬೇಕು, ಅದನ್ನು ಬಿಟ್ಟುಕೊಡಲಾರೆ. ಹೆಸರು, ಸಮಯ, ಆ ಕ್ಷಣದ ಒಂದು ಚಿತ್ರ ಇಷ್ಟೇ ಸಾಕು ಎಂದು ಈಗ ಅನಿಸುತ್ತಿದೆ. ಕೆಲಸದವರ ವಿವರ ಪೂರ್ತಿಯಾಗಿ ಬೇಕಾದ ಮನೆಯವರು ಅದನ್ನು ಪೊಲೀಸ್ ಠಾಣೆಯ ಪರಿಶೀಲನೆಗೆ ಕೊಡಲಿ. ಕಟ್ಟಡದವರೆಲ್ಲ ನೋಡುವ ಪುಟದಲ್ಲಿ ಇಡುವುದು ಬೇಡ.

ಬಿಜೈ ನಿವಾಸಿ

ಮಹಾಸಭೆ ಮುಗಿಯಿತು. ಇಲ್ಲಿ ಬಂದ ವಾದಗಳನ್ನು ಒಂದು ಪುಟಕ್ಕೆ ಇಳಿಸಿ ಓದಿದೆ. ಆಧಾರ್ ಪ್ರತಿ ಬೇಡವೆಂಬುದಕ್ಕೆ ಹೆಚ್ಚು ವಿರೋಧ ಬರಲಿಲ್ಲ. 2019ರ ತಿದ್ದುಪಡಿಯ ಮಾತು ಬಂದಾಗ ಎಲ್ಲರೂ ಸುಮ್ಮನಾದರು. ನಕ್ಷತ್ರದ ವಿಷಯದಲ್ಲಿ ಮಾತ್ರ ಜಗಳವೇ ಆಯಿತು. ಕೊನೆಗೆ ಮತಕ್ಕೆ ಹಾಕಿ, ಅಲ್ಪ ಬಹುಮತದಿಂದ ಅದನ್ನು ನಿಲ್ಲಿಸಲು ಒಪ್ಪಿದರು. ಮುಖದ ಫೋಟೊ ಉಳಿಯಿತು, 30 ದಿನಗಳ ನಂತರ ಅಳಿಸಬೇಕೆಂಬ ಷರತ್ತಿನೊಂದಿಗೆ. ಅದಕ್ಕೆ ನಾನು ಒಪ್ಪಿಲ್ಲ, ಸಭೆಯ ನಡಾವಳಿಯಲ್ಲಿ ನನ್ನ ಭಿನ್ನಮತ ದಾಖಲಾಗಿದೆ. ಹಿಂದಿನ ಕಾರ್ಯದರ್ಶಿಗಳ ಕಾಲದ ಜೆರಾಕ್ಸ್ ಪ್ರತಿಗಳ ಎರಡು ಫೈಲುಗಳು ಬೀರುವಿನಲ್ಲಿವೆ. ಕಾಗದದಲ್ಲೇ ಉಳಿದ ದಾಖಲೆಗೆ ಹೊಸ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಒಬ್ಬರು ವಾದಿಸಿದ್ದರಿಂದ ಅವುಗಳ ನಿರ್ಧಾರ ಮುಂದಕ್ಕೆ ಹೋಗಿದೆ.

ಗೇಟಿನಲ್ಲಿ ಹಾಕುವ ನೋಟಿಸನ್ನು ಬರೆಯುವ ಕೆಲಸ ನನಗೆ ಬಿದ್ದಿದೆ. ಕರಡು ಹೀಗಿದೆ, ತಿದ್ದಬೇಕಾಗಿ ವಿನಂತಿ:

‘ನಿಮ್ಮ ಹೆಸರು, ಹೋಗುವ ಫ್ಲ್ಯಾಟು, ಬಂದ ಸಮಯ ಮತ್ತು ಒಂದು ಫೋಟೊವನ್ನು ಕಟ್ಟಡದ ಭದ್ರತೆಗಾಗಿ ಮಾತ್ರ ದಾಖಲಿಸುತ್ತೇವೆ. 30 ದಿನಗಳಲ್ಲಿ ಅಳಿಸುತ್ತೇವೆ. ಆಧಾರ್ ಕೇಳುವುದಿಲ್ಲ. ಫೋಟೊ ಬೇಡವಾದವರು ಪುಸ್ತಕದಲ್ಲಿ ಹೆಸರು ಬರೆದು ಒಳಗೆ ಹೋಗಬಹುದು. ನಿಮ್ಮ ಬಗ್ಗೆ ಏನು ದಾಖಲಾಗಿದೆ ಎಂದು ಸಂಘದ ಕಚೇರಿಯಲ್ಲಿ ಕೇಳಬಹುದು.’

ಕುಲಶೇಖರದ ವಿದ್ಯಾರ್ಥಿನಿ

‘ಸಂಘದ ಕಚೇರಿ’ ಎಂದರೆ ಯಾರು, ಯಾವ ಹೊತ್ತಿಗೆ ಸಿಗುತ್ತಾರೆ ಎಂಬುದನ್ನು ಸೇರಿಸಿ. ಅಮ್ಮ ಕೆಲಸ ಮುಗಿಸಿ ಹೊರಡುವಾಗ ಮಧ್ಯಾಹ್ನ ಎರಡು ಗಂಟೆ. ಆ ಹೊತ್ತಿಗೆ ಕಚೇರಿ ಬಾಗಿಲು ಹಾಕಿರುತ್ತದೆ.

ಬಿಜೈ ನಿವಾಸಿ

ಸೇರಿಸುತ್ತೇನೆ. ಆ ಹೊತ್ತಿನಲ್ಲಿ ಮನೆಯಲ್ಲಿರುವ ಸಮಿತಿಯ ಸದಸ್ಯರು ನಾನೊಬ್ಬನೇ, ಆದ್ದರಿಂದ ನನ್ನ ಫ್ಲ್ಯಾಟಿನ ಸಂಖ್ಯೆಯನ್ನೇ ಹಾಕುತ್ತೇನೆ.